ಊರಿನ ಪರವಾಗಿ ಆಡುವವಳು

ಎಲ್ಲಿತ್ತು, ಯಾವ ಕಾಲದಲ್ಲಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮಗ್ಗದ ಸದ್ದಿನಲ್ಲೇ ಏಳುವ, ಮಗ್ಗದ ಸದ್ದು ನಿಂತರೆ ಮಲಗುವ ಒಂದು ಊರಿತ್ತು, ಇಷ್ಟು ಮಾತ್ರ ಹೇಳಬಲ್ಲೆ. ಬೆಳಗಿನ ಗಂಟೆ ಹೊಡೆದರೆ ಲಾಳಿಗಳು ಓಡುತ್ತಿದ್ದವು, ಸಂಜೆಯ ಗಂಟೆ ಹೊಡೆದರೆ ನಿಲ್ಲುತ್ತಿದ್ದವು. ನಡುವೆ ಯಾರೂ ಕತ್ತು ಎತ್ತುತ್ತಿರಲಿಲ್ಲ. ಅಷ್ಟೊಂದು ಬಟ್ಟೆ ಉಡುವವರು ಯಾರು ಅಂತ ನನ್ನನ್ನು ಕೇಳಬೇಡಿ. ಆ ಊರಿನವರೇ ಅದನ್ನು ಯಾವತ್ತೂ ಕೇಳಿದವರಲ್ಲ.

ಆ ಊರಿಗೊಂದು ಕಟ್ಟಳೆ ಇತ್ತು. ಮಕ್ಕಳು ಮಕ್ಕಳಾಗಿರುವಷ್ಟು ದಿನ ಆಡಬಹುದು. ಹದಿನಾರು ತುಂಬಿದ ದಿನ ಊರ ಹಿರಿಯ ಮನೆಗೆ ಬಂದು ಬಲಗೈ ಮಣಿಕಟ್ಟಿಗೆ ಕಪ್ಪು ದಾರ ಕಟ್ಟುತ್ತಿದ್ದ. ದಾರ ಕಟ್ಟಿಸಿಕೊಂಡ ಕೈ ಮತ್ತೆ ಆಟದ ಕಾಯಿ ಮುಟ್ಟುವ ಹಾಗಿರಲಿಲ್ಲ. ಹಾಗಂತ ಆಡುವ ಆಸೆ ದಾರಕ್ಕೆ ಹೆದರಿ ಓಡಿಹೋಗುತ್ತದೆಯೇ? ಅದು ಮೈಯಲ್ಲೇ ಉಳಿಯುತ್ತಿತ್ತು, ಉಳಿದು ಬೆರಳಿಗೆ ಇಳಿಯುತ್ತಿತ್ತು, ಇಳಿದು ಅಲ್ಲೇ ಗಟ್ಟಿಯಾಗುತ್ತಿತ್ತು. ಮೊದಲು ಕಿರುಬೆರಳು, ಆಮೇಲೆ ಉಳಿದ ಬೆರಳುಗಳು, ಆಮೇಲೆ ಮೊಣಕೈ, ಕೊನೆಗೆ ಮುಖ. ಮುಖವೂ ಮರವಾದವರನ್ನು ಊರ ಹೊರಗಿನ ಉದ್ದನೆಯ ಜಗಲಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ಅವರು ಕಣ್ಣು ಬಿಟ್ಟುಕೊಂಡು ದಾರಿ ನೋಡುತ್ತ ಕೂತಿರುತ್ತಿದ್ದರು. ಈ ಕಾಯಿಲೆಗೆ ಊರಿನವರು ಮರಗಟ್ಟು ಅಂತ ಹೆಸರಿಟ್ಟಿದ್ದರು.

ಮರಗಟ್ಟು ಬಾರದಿರಲಿ ಅಂತ ಹಿಂದಿನವರು ಒಂದು ಉಪಾಯ ಹೂಡಿದ್ದರು. ಎಲ್ಲರ ಪರವಾಗಿ ಆಡುವುದಕ್ಕೆ ಊರಿಗೊಬ್ಬಳನ್ನು ನೇಮಿಸುವುದು. ದಿನಕ್ಕೆ ಅರ್ಧ ಗಳಿಗೆ ಮಗ್ಗ ನಿಲ್ಲಿಸುವುದಕ್ಕಿಂತ, ಆಟವನ್ನೂ ಒಬ್ಬರ ಕೆಲಸ ಮಾಡಿಬಿಡುವುದು ಅವರಿಗೆ ಸುಲಭವಾಗಿ ಕಂಡಿತು. ಎಂಥ ಬುದ್ಧಿವಂತರು ನೋಡಿ.

ನಾನು ಹೇಳಹೊರಟ ಹೆಂಗಸು ಹಾಗೆ ನೇಮಕವಾದವಳು. ಹದಿನಾರು ತುಂಬಿದ ದಿನ ಅವಳ ಮಣಿಕಟ್ಟಿನ ಮೇಲೆ ದಾರ ಮೂರು ಸಲ ಹರಿಯಿತು. ಹಿರಿಯ ನಾಲ್ಕನೆಯ ದಾರ ತೆಗೆಯಲಿಲ್ಲ. ಹಿಂದಿನವಳಿಗೆ ವಯಸ್ಸಾಗಿತ್ತು, ಈ ಕೈಯೇ ಮುಂದಕ್ಕೆ ಆಗುತ್ತದೆ ಅಂತ ಹೇಳಿ ಹೋದ. ಅಂದಿನಿಂದ ಊರು ಅವಳನ್ನು ಆಡುವವಳು ಅಂತ ಕರೆಯಿತು.

ಅವಳ ದಿನ ಹೀಗೆ. ಬೆಳಗಿನ ಗಂಟೆಗೆ ಬುಟ್ಟಿಯ ಮುದುಕಿ ಬರುತ್ತಿದ್ದಳು. ಬುಟ್ಟಿಯಲ್ಲಿ ದಾರ ಕಟ್ಟಿದ ಒಬ್ಬೊಬ್ಬರದೂ ಒಂದೊಂದು ಕಲ್ಲು. ಆಡುವವಳು ಅಳಗುಳಿಮಣೆಯ ಮುಂದೆ ಕೂತು ಒಂದು ಕಲ್ಲನ್ನು ಮಣೆಯ ತಲೆಗಿಟ್ಟು, ಇದು ಬಣ್ಣ ಅದ್ದುವವಳ ಆಟ ಅನ್ನುತ್ತಿದ್ದಳು. ಗುಳಿಗಳಿಗೆ ಹುಣಸೆಬೀಜ ತುಂಬುತ್ತಿದ್ದಳು. ಬಲಗೈಯಲ್ಲಿ ಒಂದು ಕಡೆ ಆಡಿ, ಎಡಗೈಯಲ್ಲಿ ಇನ್ನೊಂದು ಕಡೆ ಆಡುತ್ತಿದ್ದಳು. ಮುಗಿದ ಮೇಲೆ ಕಲ್ಲನ್ನು ಅಂಗೈಯಲ್ಲಿ ಬಿಗಿಹಿಡಿದು ಬೆಚ್ಚಗೆ ಮಾಡಿ ಬುಟ್ಟಿಗೆ ಹಾಕುತ್ತಿದ್ದಳು. ಆಮೇಲೆ ಇನ್ನೊಂದು ಕಲ್ಲು, ಇದು ಲಾಳಿಯ ಕಂಡಿಕೆಗೆ ನೂಲು ಸುತ್ತುವವನ ಆಟ. ಆಮೇಲೆ ಇನ್ನೊಂದು. ಸಂಜೆ ಬುಟ್ಟಿ ಮನೆಮನೆಗೆ ಹೋದಾಗ ಜನ ತಮ್ಮ ಕಲ್ಲನ್ನು ಮುಟ್ಟಿ ನೋಡಿ, ಇವತ್ತಿನ ನನ್ನ ಆಟ ಆಯಿತು ಅಂತ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಇಪ್ಪತ್ತು ವರ್ಷ ಅವಳು ಹೀಗೆ ಆಡಿದಳು. ಬೆನ್ನು ಹಿಡಿದುಕೊಂಡರೂ ಆಡಿದಳು, ಮಂಡಿ ಊದಿಕೊಂಡರೂ ಆಡಿದಳು. ದಾರಿಯಲ್ಲಿ ಸಿಕ್ಕವರು ನಿನಗೇನಮ್ಮ, ದಿನವಿಡೀ ಆಟ ಅಂತ ಹೊಟ್ಟೆಕಿಚ್ಚುಪಡುತ್ತಿದ್ದರು. ಅವಳು ಸುಮ್ಮನೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಗೆದ್ದರೂ ಅವಳೇ, ಸೋತರೂ ಅವಳೇ. ಅಂಥ ಆಟ ಆಡಿದವರಿಗೆ ಗೊತ್ತು ಅದರ ರುಚಿ.

ಇಷ್ಟೆಲ್ಲ ಮಾಡಿದರೂ ಮರಗಟ್ಟು ನಿಂತಿತ್ತೇ ಅಂದರೆ ನಿಂತಿರಲಿಲ್ಲ. ವರ್ಷಕ್ಕೆ ಇಬ್ಬರೋ ಮೂವರೋ ಜಗಲಿಗೆ ಹೋಗುತ್ತಲೇ ಇದ್ದರು. ಹೋದಾಗೆಲ್ಲ ಊರು ಒಂದೇ ಮಾತು ಹೇಳುತ್ತಿತ್ತು, ಆಡುವವಳು ಆ ಕಲ್ಲಿಗೆ ಮನಸ್ಸಿಟ್ಟು ಆಡಲಿಲ್ಲ. ಅವಳ ತಾಯಿ ಮರವಾದಾಗಲೂ ಅದನ್ನೇ ಹೇಳಿದರು. ಅವಳು ಅದನ್ನು ನಂಬಿದಳು, ಅದು ಅವಳ ಕರ್ಮ. ತಾಯಿ ಹೋದ ಮೇಲೆ ಅವಳಿಗೆ ಉಳಿದವಳು ಅಕ್ಕ ಒಬ್ಬಳೇ.

ಅಕ್ಕ ನೇಯುವವಳು, ತಂಗಿಗಿಂತ ನಾಲ್ಕು ವರ್ಷ ದೊಡ್ಡವಳು, ಮಾತು ಕಡಿಮೆ. ಒಂದು ಬೆಳಿಗ್ಗೆ ಬುಟ್ಟಿಯ ಮುದುಕಿ ಬುಟ್ಟಿ ಇಳಿಸುತ್ತ, ನಿಮ್ಮಕ್ಕ ಕಿರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಾಳೆ, ಗಾಯ ಅಂತಾಳೆ, ನನಗೇನೋ ಗಾಯ ಅನಿಸಲಿಲ್ಲ ಅಂತ ತಗ್ಗಿದ ದನಿಯಲ್ಲಿ ಹೇಳಿದಳು. ಅವತ್ತು ಆಡುವವಳು ಮೊದಲು ಅಕ್ಕನ ಕಲ್ಲನ್ನೇ ತೆಗೆದು ಆಡಿದಳು. ಮರುದಿನ ಅದೇ ಕಲ್ಲಿಗೆ ಎರಡು ಸಲ ಆಡಿದಳು. ಆಮೇಲೆ ಐದು ಸಲ. ಕಣ್ಣಲ್ಲಿ ನೀರು ತುಂಬಿ ಗುಳಿ ಕಾಣದಿದ್ದರೂ ಆಡಿದಳು. ವಾರ ಕಳೆಯುವುದರೊಳಗೆ ಅಕ್ಕನ ಉಂಗುರದ ಬೆರಳಿಗೂ ಬಟ್ಟೆ ಬಂತು.

ಆ ಚಿಂತೆಯಲ್ಲೇ ಆಡುವವಳಿಗೆ ಜ್ವರ ಏರಿತು. ಒಂದಿಡೀ ದಿನ ಒಲೆಯ ಪಕ್ಕ ಚಾಪೆಯ ಮೇಲೆ ಎಚ್ಚರವಿಲ್ಲದೆ ಬಿದ್ದುಕೊಂಡಿದ್ದಳು. ಬೆಳಿಗ್ಗೆ ಬುಟ್ಟಿಯನ್ನು ಒಲೆಕಟ್ಟೆಯ ಮೇಲೆ ಇಟ್ಟವಳು ಹಾಗೇ ಮರೆತಿದ್ದಳು. ಸಂಜೆ ಮುದುಕಿ ಬಂದು, ಬೆಂಕಿಯ ಕಾವಿಗೆ ಬೆಚ್ಚಗಾಗಿದ್ದ ಕಲ್ಲುಗಳನ್ನು ಎತ್ತಿಕೊಂಡು ಹೋಗಿ ಮನೆಮನೆಗೆ ಹಂಚಿದಳು. ಒಂದು ಕಲ್ಲಿಗೂ ಆಟ ಆಗಿರಲಿಲ್ಲ. ಮರುದಿನ ಮುದುಕಿ ತಂದ ಸುದ್ದಿ ಕೇಳಿ. ನಿನ್ನೆಯ ಆಟ ಬಹಳ ಚೆನ್ನಾಗಿತ್ತಂತೆ. ಎಷ್ಟೋ ದಿನದ ಮೇಲೆ ಮೈ ಹಗುರಾಯಿತು ಅಂತ ಕಂಡಿಕೆ ಸುತ್ತುವವನು ಹೇಳಿ ಕಳಿಸಿದ್ದಾನಂತೆ.

ಆಡುವವಳು ಮುಂದಿನ ಮೂರು ದಿನ ಬೇಕಂತಲೇ ಮಣೆ ಮುಟ್ಟದೆ ಕಲ್ಲುಗಳನ್ನು ಒಲೆಯ ಮೇಲೆ ಕಾಯಿಸಿ ಕಳಿಸಿದಳು. ಊರು ಮೂರೂ ದಿನ ಸಂತೋಷಪಟ್ಟಿತು. ನಾಲ್ಕನೆಯ ದಿನ ಅವಳು ಮಣೆಯ ಮುಂದೆ ಕುಕ್ಕರಿಸಿದಳು. ಇಪ್ಪತ್ತು ವರ್ಷ ತಾನು ಆಡಿದ್ದರಲ್ಲಿ ಒಂದು ಬೀಜದಷ್ಟೂ ಯಾರಿಗೂ ಮುಟ್ಟಿರಲಿಲ್ಲ. ತಾಯಿಯನ್ನು ಕೊಂದವಳು ತಾನಲ್ಲ ಅಂತ ಅವತ್ತು ಅವಳಿಗೆ ತಿಳಿಯಿತು, ಉಳಿಸುವುದೂ ತನ್ನ ಕೈಯಲ್ಲಿ ಇರಲಿಲ್ಲ ಅಂತಲೂ ತಿಳಿಯಿತು. ಅಕ್ಕ ಉಳಿಯಬೇಕಾದರೆ ಅಕ್ಕನೇ ಆಡಬೇಕು, ಬೇರೆ ದಾರಿಯಿಲ್ಲ. ಅವಳು ಮಣೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹಾಡಹಗಲೇ ಅಕ್ಕನ ಮನೆಗೆ ನಡೆದಳು.

ಅಕ್ಕ ಮೂರು ಬೆರಳಿಗೆ ಬಟ್ಟೆ ಸುತ್ತಿಕೊಂಡು ನೇಯುತ್ತಿದ್ದಳು. ತಂಗಿ ಹೇಳಿದ್ದನ್ನೆಲ್ಲ ಲಾಳಿ ನಿಲ್ಲಿಸದೆ ಕೇಳಿದಳು. ಕಲ್ಲು ಕಾಯಿಸಿದ ಸುದ್ದಿಗೂ ಅವಳ ಮುಖ ಬದಲಾಗಲಿಲ್ಲ. ಈ ಹಾಸು ಮುಗಿಯಲಿ ಕಣೇ, ಆಮೇಲೆ ಕೂತುಕೊಳ್ಳೋಣ ಅಂದಳು. ಆ ಹಾಸು ಮುಗಿದಾಗ ಇನ್ನೊಂದು ಹಾಸು ಮಗ್ಗಕ್ಕೆ ಏರಿತ್ತು. ಅದು ಮುಗಿಯಲಿ ಅಂದಳು. ತಂಗಿ ದಿನವೂ ಮಣೆ ಹೊತ್ತುಕೊಂಡು ಬಂದು, ಹೊಸ್ತಿಲಲ್ಲಿ ಕೂತು, ದಿನವೂ ಮಣೆ ಹೊತ್ತುಕೊಂಡು ವಾಪಸಾದಳು. ಎಡಗೈ ಪೂರ್ತಿ ಮರವಾಗಿ ಲಾಳಿ ಹಿಡಿಯಲಾಗದ ದಿನವೇ ಅಕ್ಕ ಮಗ್ಗದಿಂದ ಇಳಿದು ಬಂದದ್ದು. ಬಿಡುವು ಮಾಡಿಕೊಂಡು ಬಂದವಳಲ್ಲ ಅವಳು, ಕೈ ಸೋತು ಬಂದವಳು.

ಇಬ್ಬರೂ ಎದುರುಬದುರು ಕೂತರು. ತಂಗಿ ಹುಣಸೆಬೀಜದ ಚೀಲವನ್ನು ಅಕ್ಕನ ಮುಂದೆ ಸುರಿದು, ಗುಳಿ ತುಂಬುತ್ತಿರು, ನೀರು ಕುಡಿದು ಬರುತ್ತೇನೆ ಅಂತ ಒಳಗೆ ಹೋದಳು. ಬಂದು ನೋಡಿದರೆ, ಅಕ್ಕ ಬಲಗೈಯಿಂದ ಬೀಜ ಆರಿಸುತ್ತಿದ್ದಳು. ದಪ್ಪನೆಯವು ಒಂದು ಕಡೆ, ಸಣ್ಣವು ಒಂದು ಕಡೆ, ಹುಳುಕು ಬಂದವು ಇನ್ನೊಂದು ಕಡೆ. ಮೂರು ಗುಡ್ಡೆ ಮಾಡಿಯಾಗಿತ್ತು. ಮಣೆಯನ್ನು ಸೆರಗಿನಿಂದ ಒರೆಸಿ, ಹೊಳಪು ಬರಿಸಿ, ಗೋಡೆಗೆ ಒರಗಿಸಿಟ್ಟಿದ್ದಳು.

"ಆಯಿತು ಕಣೇ," ಅಂದಳು ಅಕ್ಕ. "ಇನ್ನೇನಾದರೂ ಇದ್ದರೆ ಕೊಡು."

ತಂಗಿ ಆ ಮೂರು ಗುಡ್ಡೆಗಳನ್ನು ನೋಡಿದಳು, ಅಕ್ಕನ ಮುಖ ನೋಡಿದಳು. ಆಡು ಅಂದರೆ ಏನು ಮಾಡಬೇಕು ಅಂತಲೇ ಅಕ್ಕನಿಗೆ ಮರೆತುಹೋಗಿತ್ತು. ತಂಗಿ ಬೀಜಗಳನ್ನೆಲ್ಲ ಮತ್ತೆ ಒಂದು ಮಾಡಿ, ಅಕ್ಕನ ಕೈ ಹಿಡಿದು ಗುಳಿಯಿಂದ ಗುಳಿಗೆ ನಡೆಸಿದಳು.

ಅಕ್ಕ ದಡ್ಡಿಯಲ್ಲ, ನಾಲ್ಕು ದಿನದಲ್ಲಿ ಕಲಿತಳು. ಕಲಿತದ್ದೇ ತಪ್ಪಾಯಿತು. ಬೆರಳು ಸಡಿಲವಾಗಲು ಎಷ್ಟು ಸುತ್ತು ಆಡಬೇಕು ಅಂತ ಮೊದಲ ದಿನವೇ ಕೇಳಿದಳು. ತಂಗಿ ನಲವತ್ತು ಅಂತ ಬಾಯಿಗೆ ಬಂದದ್ದು ಹೇಳಿದಳು. ಅಯ್ಯೋ, ಆ ಒಂದು ಮಾತು. ಅಕ್ಕ ಬೆಳಗಿನ ಗಂಟೆಗೆ ಎದ್ದು, ಹಲ್ಲು ಕಚ್ಚಿ, ಕಷಾಯ ಕುಡಿಯುವವಳ ಮುಖ ಮಾಡಿಕೊಂಡು ನಲವತ್ತು ಸುತ್ತು ಮುಗಿಸತೊಡಗಿದಳು. ಪಕ್ಕದ ಮನೆಯ ಬಣ್ಣ ಅದ್ದುವವಳು ಕಿಟಕಿಯಿಂದ ನೋಡಿ ಇದೇನು ಅಂತ ಕೇಳಿದಳು. ಔಷಧಿ ಅಂದಳು ಅಕ್ಕ. ಬಣ್ಣ ಅದ್ದುವವಳಿಗೂ ಕಿರುಬೆರಳು ಜಡವಾಗಿತ್ತು, ಅವಳೂ ಮಣೆ ಮಾಡಿಸಿಕೊಂಡಳು. ಹತ್ತು ದಿನದಲ್ಲಿ ಬೀದಿಗೆ ಬೀದಿಯೇ ನಲವತ್ತು ಸುತ್ತಿಗೆ ಕೂತಿತು. ಸುದ್ದಿ ಊರ ಹಿರಿಯನಿಗೆ ಮುಟ್ಟಿತು.

ಹಿರಿಯ ಕೆಟ್ಟವನಲ್ಲ, ಅದನ್ನೂ ಹೇಳಬೇಕು. ಅವನ ಹೆಂಡತಿಯೂ ಜಗಲಿಯ ಮೇಲೆ ಕೂತಿದ್ದಳು. ಅವನು ಆಡುವವಳನ್ನು ಕರೆಸಿ, ಎಲ್ಲ ಕೇಳಿ ತಿಳಿದುಕೊಂಡು, ದಾರದ ಕಟ್ಟಳೆಯನ್ನು ತಿದ್ದಿದ. ಇನ್ನು ಮುಂದೆ ದಾರ ಕಟ್ಟಿದ ಪ್ರತಿಯೊಬ್ಬರೂ ದಿನಕ್ಕೆ ನಲವತ್ತು ಸುತ್ತು ತಾವೇ ಆಡಬೇಕು. ಅದಕ್ಕೆ ಬೆಳಗಿನ ಗಂಟೆಗೂ ಮುಂಚೆ ಇನ್ನೊಂದು ಗಂಟೆ. ಮಗ್ಗದ ಹೊತ್ತು ಕಡಿಮೆಯಾಗಬಾರದಲ್ಲ, ಅದಕ್ಕೇ ಮುಂಚೆ. ಚಾವಡಿಯಲ್ಲಿ ಸಾಲಾಗಿ ಚಾಪೆ, ಚಾಪೆಗಿಬ್ಬರು, ನಡುವೆ ಒಂದು ಮಣೆ. ಆಟದ ಹೊತ್ತಿನಲ್ಲಿ ಮಾತು ಬೇಡ, ಸುತ್ತು ತಪ್ಪುತ್ತದೆ. ನಗುವುದಂತೂ ಬೇಡ, ಪಕ್ಕದವರ ಸುತ್ತೂ ತಪ್ಪುತ್ತದೆ.

ಆಡುವವಳು ಹಿರಿಯನೆದುರು ಕೈಮುಗಿದು ನಿಂತಳು. ಇದಲ್ಲ ಸ್ವಾಮಿ, ನಾನು ಹೇಳಿದ್ದು ಇದಲ್ಲ ಅಂದಳು. ಮತ್ತೇನು, ಬಿಡಿಸಿ ಹೇಳು ತಾಯಿ ಅಂದ ಹಿರಿಯ, ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳಿದ. ಇಪ್ಪತ್ತು ವರ್ಷ ಊರಿನ ಪರವಾಗಿ ಆಡಿದ್ದಳೇ ಹೊರತು ಆಡುವುದು ಅಂದರೆ ಏನು ಅಂತ ಅವಳಿಗೂ ಗೊತ್ತಿರಲಿಲ್ಲ. ಹಿರಿಯ ಸ್ವಲ್ಪ ಹೊತ್ತು ಕಾದು ಎದ್ದುಹೋದ.

ಇನ್ನು ಅವಳ ನೇಮಕಕ್ಕೆ ಅರ್ಥವಿರಲಿಲ್ಲ. ಬುಟ್ಟಿ ಬರುವುದು ನಿಂತಿತು. ಕಲ್ಲುಗಳನ್ನು ಜನ ಬಾಗಿಲಿಗೆ ಆನಿಸಿಡಲು ಇಟ್ಟುಕೊಂಡರು. ಅವಳ ಮಣಿಕಟ್ಟಿಗೆ ಎರಡೆಳೆ ಹುರಿ ಮಾಡಿದ ಕಪ್ಪು ದಾರ ಕಟ್ಟಿದರು, ಈ ಸಲ ಅದು ಹರಿಯಲಿಲ್ಲ. ಖಾಲಿ ಬಿದ್ದಿದ್ದ ಅಕ್ಕನ ಮಗ್ಗವನ್ನೇ ಅವಳಿಗೆ ವಹಿಸಿದರು. ಮೂವತ್ತಾರನೆಯ ವಯಸ್ಸಿನಲ್ಲಿ ಅವಳು ನೇಯುವುದು ಕಲಿತಳು.

ನಲವತ್ತು ಸುತ್ತು ಶುರುವಾದ ಮೇಲೆ ಜಗಲಿಗೆ ಹೋಗುವವರು ಕಡಿಮೆಯಾಗಲಿಲ್ಲ. ಮೊದಲು ವರ್ಷಕ್ಕೆ ಇಬ್ಬರೋ ಮೂವರೋ ಹೋಗುತ್ತಿದ್ದರು, ಈಗ ಒಂದೇ ಬೇಸಿಗೆಯಲ್ಲಿ ಐವರು ಹೋದರು. ನಿದ್ದೆ ಬೇರೆ ಕಡಿಮೆಯಾಗಿತ್ತು, ಪಾಪ. ಚಾವಡಿಯಲ್ಲಿ ಬೀಜ ಬೀಳುವ ಟಪ ಟಪ, ಅದು ಮುಗಿದರೆ ಮಗ್ಗದ ಕಟ ಕಟ, ಜನರ ಕೈಗೆ ಎರಡೂ ಒಂದೇ ಆಗಿತ್ತು.

ಅಕ್ಕನ ಮರಗಟ್ಟು ಈಗ ಬಲಗೈಗೂ ಹತ್ತಿತ್ತು. ಚಾವಡಿಗೆ ಅವಳನ್ನು ಕರೆಯುತ್ತಿರಲಿಲ್ಲ. ನಲವತ್ತು ಮುಗಿಸಲಾರದವಳನ್ನು ಸಾಲಿನಲ್ಲಿ ಕೂರಿಸಿ ಏನು ಪ್ರಯೋಜನ? ಒಂದು ದಿನ ತಂಗಿ ನಡುಮಧ್ಯಾಹ್ನ ಲಾಳಿ ಕೆಳಗಿಟ್ಟಳು. ಊರಿನಲ್ಲಿ ಯಾರೂ ಮಾಡದ ಕೆಲಸ ಅದು. ಅಕ್ಕಪಕ್ಕದ ಮನೆಗಳ ಮಗ್ಗದವರು ಕತ್ತು ಎತ್ತದಿದ್ದರಿಂದ ಯಾರಿಗೂ ಕಾಣಲಿಲ್ಲ. ಎದ್ದು ಅಕ್ಕನ ಕೋಣೆಗೆ ಬಂದಳು. ಅಕ್ಕ ಕಿಟಕಿಯ ಬಿಸಿಲಿಗೆ ಕೂತಿದ್ದಳು. ಬಲಗೈಯ ತೋರುಬೆರಳೊಂದು ಆಡುತ್ತಿತ್ತು, ಕಣ್ಣು ಆಡುತ್ತಿತ್ತು, ತುಟಿ ಅಷ್ಟಿಷ್ಟು ಆಡುತ್ತಿತ್ತು. ಉಳಿದದ್ದೆಲ್ಲ ಮರ. ಇನ್ನು ಒಂದು ದಿನವೋ, ಅರ್ಧ ದಿನವೋ ಅಂತ ನೋಡಿದ ಯಾರಿಗೂ ಗೊತ್ತಾಗುವಂತಿತ್ತು.

ತಂಗಿ ಮಣೆಯನ್ನು ಅಕ್ಕನ ತೊಡೆಯ ಮೇಲಿಟ್ಟು ಗುಳಿ ತುಂಬಿದಳು. ಎಷ್ಟು ಸುತ್ತು ಅಂತ ಅಕ್ಕ ಕೇಳಿದಳು, ಮಾತು ನಾರಿನ ಹಾಗೆ ಎಳೆದು ಎಳೆದು ಬಂತು. ಗೊತ್ತಿಲ್ಲ ಅಂದಳು ತಂಗಿ. ಬೆರಳು ಸಡಿಲವಾಗುತ್ತದಾ ಅಂತ ಕೇಳಿದಳು. ಇಲ್ಲ ಅಕ್ಕಾ, ಇನ್ನು ಆಗುವುದಿಲ್ಲ ಅಂದಳು ತಂಗಿ, ಹೇಳಿ ಅತ್ತಳು. ಮತ್ಯಾಕೆ ಅಂತ ಅಕ್ಕ ಕೇಳಲಿಲ್ಲ. ತೋರುಬೆರಳಿನಿಂದ ಒಂದು ಗುಳಿಯ ಬೀಜಗಳನ್ನು ಹೊರಗೆ ತಳ್ಳಿ, ಒಂದೊಂದಾಗಿ ಮುಂದಿನ ಗುಳಿಗಳಿಗೆ ಸರಿಸತೊಡಗಿದಳು.

ಒಂದು ಸರದಿಗೆ ಎಷ್ಟು ಹೊತ್ತು ಹಿಡಿಯಿತೋ. ತಂಗಿ ಅವಳ ಕೈಗೆ ಕೈ ಕೊಡಲಿಲ್ಲ, ಅವಳ ಪರವಾಗಿ ಒಂದು ಬೀಜವನ್ನೂ ಸರಿಸಲಿಲ್ಲ. ಸುಮ್ಮನೆ ಕಾದಳು. ಕಾಯುತ್ತ ಕಾಯುತ್ತ ಮಾತು ಬಂತು. ಮಗ್ಗದ ಮೇಲೆ ತಾನು ಮೊದಲು ನೇಯ್ದ ಬಟ್ಟೆ ಸೊಟ್ಟಗಾಗಿ ಒಂದು ತುದಿ ಮೊಳದಷ್ಟು ಉದ್ದ ಬಂದದ್ದನ್ನು, ಅದನ್ನು ಬಣ್ಣ ಅದ್ದುವವಳು ಹಾಗೇ ಗಂಭೀರವಾಗಿ ಅದ್ದಿ ಒಣಹಾಕಿದ್ದನ್ನು ಹೇಳಿದಳು. ಅಕ್ಕನ ಗಂಟಲಲ್ಲಿ ಏನೋ ಸದ್ದಾಯಿತು. ಬಾಯಾರಿತೇನೋ ಅಂದುಕೊಂಡು ತಂಗಿ ಎದ್ದು ಹಂಡೆಯಿಂದ ನೀರು ತರಲು ಹೋದಳು.

ಬಂದು ಕೂತು ಮಣೆ ನೋಡಿದಳು. ಇಪ್ಪತ್ತು ವರ್ಷ ಅದೇ ಮಣೆಯನ್ನು ನೋಡಿದ ಕಣ್ಣು, ಯಾವ ಗುಳಿಯಲ್ಲಿ ಎಷ್ಟಿದೆ ಅಂತ ಎಣಿಸದೆಯೇ ತಿಳಿಯುವ ಕಣ್ಣು. ತನ್ನ ಕಡೆಯ ಗುಳಿಯಲ್ಲಿ ಎರಡು ಬೀಜ ಕಡಿಮೆ ಇತ್ತು. ಅಕ್ಕನ ಗುಳಿಯಲ್ಲಿ ಎರಡು ಜಾಸ್ತಿ ಇತ್ತು. ತಲೆ ಎತ್ತಿದರೆ, ಅಕ್ಕ ಸೂರು ನೋಡುತ್ತಿದ್ದಳು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

"ಕದ್ದೆಯಾ?" ಅಂದಳು ತಂಗಿ.

"ನಾನಾ?" ಅಂದಳು ಅಕ್ಕ. "ನಾನ್ಯಾಕೆ ಕದಿಯಲಿ?"

ಎಷ್ಟು ಸಾವಿರ ಆಟ ಆಡಿದ್ದಳು ತಂಗಿ, ಒಂದರಲ್ಲೂ ಯಾರೂ ಅವಳಿಗೆ ಮೋಸ ಮಾಡಿರಲಿಲ್ಲ. ಮಾಡುವುದಕ್ಕೆ ಎದುರಿಗೆ ಯಾರಾದರೂ ಇರಬೇಕಲ್ಲ. ಎದುರು ಕೂತವಳಿಗೆ ಗೆಲ್ಲಬೇಕು ಅನಿಸಬೇಕಲ್ಲ. ಕಳ್ಳಿ, ಸುಳ್ಳಿ, ಇಡು ವಾಪಸ್ಸು ಅಂತ ಅವಳು ಅಕ್ಕನ ಬೆರಳನ್ನು ಹಿಡಿಯಲು ಹೋದಳು. ಅಕ್ಕ ಬೆರಳನ್ನು ಗುಳಿಯೊಳಗೆ ಅದುಮಿ ಬೀಜ ಬಚ್ಚಿಟ್ಟಳು. ಅವಳ ತುಟಿಯ ಒಂದು ತುದಿ ಮೇಲೆ ಹೋಯಿತು. ಅರ್ಧ ಮೇಲೆ ಹೋಗಿ ಅಲ್ಲೇ ನಿಂತಿತು.

ತಂಗಿ ಕಾದಳು. ಇನ್ನರ್ಧ ತುಟಿಯೂ ಏಳುತ್ತದೆ ಅಂತ ಕಾದಳು. ಅಕ್ಕಾ ಅಂತ ಕರೆದಳು, ಕೆನ್ನೆ ಮುಟ್ಟಿದಳು. ಕೆನ್ನೆ ತಣ್ಣಗೆ, ಗಟ್ಟಿಯಾಗಿತ್ತು.

ಸಂಜೆ ನಾಲ್ವರು ಬಂದು ಅಕ್ಕನನ್ನು ಎತ್ತಿದರು. ತೋರುಬೆರಳು ಗುಳಿಯಲ್ಲಿ ಸಿಕ್ಕಿಕೊಂಡಿತ್ತು, ಎಳೆದರೂ ಬರಲಿಲ್ಲ, ಮಣೆಯ ಸಮೇತ ಹೊತ್ತುಕೊಂಡು ಹೋಗಿ ಜಗಲಿಯ ಮೇಲೆ ಕೂರಿಸಿದರು. ಸಾಲಿನಲ್ಲಿದ್ದ ಎಲ್ಲರ ಮುಖವೂ ಒಂದೇ ಥರ ಇತ್ತು, ಅಕ್ಕನದೊಂದು ಬೇರೆ. ಊರ ಹಿರಿಯ ಕೋಲೂರಿಕೊಂಡು ಬಂದು ಆ ಮುಖವನ್ನೂ ಮಣೆಯನ್ನೂ ನೋಡಿದ. ಇವತ್ತು ಎಷ್ಟು ಸುತ್ತು ಮುಗಿಸಿದ್ದಳು ಅಂತ ತಂಗಿಯನ್ನು ಕೇಳಿದ.

"ಒಂದೂ ಮುಗಿಸಲಿಲ್ಲ," ಅಂದಳು ಅವಳು. "ಕದ್ದಳು ಸ್ವಾಮಿ. ನನ್ನ ಎರಡು ಬೀಜ ಕದ್ದಳು." ಹೇಳುತ್ತ ಹೇಳುತ್ತ ಅವಳಿಗೆ ಅಳುವಿನ ನಡುವೆ ನಗು ಬಂತು. ಜಗಲಿಯ ಕಂಬ ಹಿಡಿದುಕೊಂಡು ನಕ್ಕಳು. ದುಃಖ ತಲೆಗೆ ಏರಿದೆ ಅಂತ ಹೆಂಗಸರು ಅವಳನ್ನು ಹಿಡಿದು ಮನೆಗೆ ಕರೆದುಕೊಂಡು ಹೋದರು.

ಒಂದೂ ಮುಗಿಸಲಿಲ್ಲ ಅನ್ನುವ ಮಾತು ಮಾತ್ರ ಹಿರಿಯನ ಕಿವಿಯಲ್ಲಿ ಉಳಿಯಿತು. ಸುತ್ತು ಕಡಿಮೆಯಾದದ್ದಕ್ಕೇ ಹೀಗಾಯಿತು ಅಂತ ಅವನು ಮನಸ್ಸಿಗೆ ತಂದುಕೊಂಡ. ಮರುದಿನದಿಂದ ಐವತ್ತು ಸುತ್ತು ಅಂತ ಡಂಗುರ ಹೊಡೆಸಿದ. ಆಟದ ಗಂಟೆ ಇನ್ನಷ್ಟು ಮುಂಚೆ ಬಂತು.

ಆಡುವವಳು ಅಂತ ಈಗ ಯಾರೂ ಅವಳನ್ನು ಕರೆಯುವುದಿಲ್ಲ. ಚಾವಡಿಯಲ್ಲಿ ಎಲ್ಲರ ಹಾಗೆ ಚಾಪೆಯ ಮೇಲೆ ಕೂರುತ್ತಾಳೆ. ಎದುರಿಗೆ ಬಣ್ಣ ಅದ್ದುವವಳು, ಬೀಜದ ಮೇಲೆ ಕಣ್ಣಿಟ್ಟು, ತುಟಿಯಲ್ಲೇ ಸುತ್ತು ಲೆಕ್ಕ ಹಾಕುತ್ತ ಆಡುತ್ತಾಳೆ. ಇವಳು ಕೈ ಚಾಚಿ, ಎಲ್ಲರಿಗೂ ಕಾಣುವ ಹಾಗೆ, ಅವಳ ಗುಳಿಯಿಂದ ಒಂದು ಬೀಜ ತೆಗೆದು ತನ್ನ ಗುಳಿಗೆ ಹಾಕಿಕೊಳ್ಳುತ್ತಾಳೆ. ಹಾಕಿಕೊಂಡು ಅವಳ ಮುಖವನ್ನೇ ನೋಡುತ್ತ ಕಾಯುತ್ತಾಳೆ. ಇವಳೂ ಈಗ ಕಿರುಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ದಿನವೂ ಕದಿಯುತ್ತಾಳೆ. ಇನ್ನೂ ಯಾರೂ ಹಿಡಿದಿಲ್ಲ.